ಭಟ್ಕಳಕ್ಕೆ ನನ್ನನ್ನೇ ಕಳಿಸುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯವರ ಬಲಗಿವಿಯ ಹಿಂದೆ, ಎಲುಬು ಉಬ್ಬಿರುವಲ್ಲಿ, ಒಂದಾಣೆಯಗಲದ ಕಪ್ಪು ಕಲೆಯಿತ್ತು. ಎಂಜಿನ್ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಊರಿ, ಮರದ ಹಿಡಿಯನ್ನು ಆ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗೆ ಯಾವ ಬೇರಿಂಗು ಸವೆದಿದೆ, ಯಾವ ವಾಲ್ವು ಸರಿಯಾಗಿ ಕೂರುತ್ತಿಲ್ಲ ಎಂಬುದು ಅವರಿಗೆ ಅಲ್ಲಿಂದಲೇ ತಿಳಿಯುತ್ತಿತ್ತು. ವರ್ಷಗಟ್ಟಲೆ ಹಾಗೆ ಒತ್ತಿ ಒತ್ತಿ ಗ್ರೀಸು ಚರ್ಮದೊಳಗೇ ಇಳಿದಿತ್ತು. ಹಬ್ಬದ ದಿನ ತಲೆಗೆ ಮಿಂದು ಬಿಳಿ ಅಂಗಿ ತೊಟ್ಟರೂ ಆ ಕಲೆ ಹೋಗುತ್ತಿರಲಿಲ್ಲ.

ಐವತ್ತರ ದಶಕದ ಕೊನೆ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ನಾವು ಮಾವಿನಕುರ್ವೆಯವರು, ಮೀನು ಹಿಡಿಯುವ ಮನೆತನ. ಅಪ್ಪ ತೀರಿಕೊಂಡ ಮೇಲೆ ದೋಣಿ, ಬಲೆ ಅಣ್ಣಂದಿರ ಪಾಲಿಗೆ ಹೋದವು. ನನ್ನ ಪಾಲಿಗೆ ಬಂದ ಹಣದಲ್ಲಿ ನಾನು ಹೊನ್ನಾವರದ ಡಾಕ್ಟರೊಬ್ಬರ ಹಳೆಯ ವಿಲಾಯತಿ ಕಾರು ಕೊಂಡೆ. ನೀರಿನ ಮೇಲೆ ಹುಟ್ಟಿದವನಿಗೆ ಗಾಲಿ ಎಂತಕ್ಕೆ ಎಂದು ಊರವರು ನಕ್ಕರು. ಹೊನ್ನಾವರದಿಂದ ಕುಮಟೆಗೆ ಬಾಡಿಗೆ ಹೊಡೆಯುವುದು ನನ್ನ ಯೋಚನೆ. ಆದರೆ ನನಗೆ ಗಾಡಿ ಬಿಡಲು ಬರುತ್ತಿತ್ತೇ ಹೊರತು ಅದರ ಹೊಟ್ಟೆಯೊಳಗೆ ಏನಿದೆ ಎಂದು ಗೊತ್ತಿರಲಿಲ್ಲ.

ಕಲಿಸಿದವರು ಮೇಸ್ತ್ರಿ. ಪುಣೆಯ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಬಂದು, ಹೊನ್ನಾವರದ ಬಂದರಿನ ಹತ್ತಿರ ತಗಡಿನ ಮಾಡು ಹೊದೆಸಿ ರಿಪೇರಿ ಅಂಗಡಿ ಹಾಕಿದ್ದರು. ಆ ಕಾಲದ ಉಳಿದ ಮೇಸ್ತ್ರಿಗಳು ಕಾರ್ಬುರೇಟರಿನ ತಿರುಪು ತಿರುಗಿಸುವಾಗ ಯಾರೂ ನೋಡದಂತೆ ಬೆನ್ನು ಅಡ್ಡ ಹಿಡಿಯುತ್ತಿದ್ದರು. ಇವರು ನನ್ನ ಕೈ ಹಿಡಿದು ಅದರ ಮೇಲಿಟ್ಟು, ಎಷ್ಟು ತಿರುಗಿಸಿದರೆ ಎಂಜಿನಿನ ದನಿ ಹೇಗೆ ಬದಲಾಗುತ್ತದೆ ಎಂದು ಕೇಳಿಸುತ್ತಿದ್ದರು. ಕಲಿಸಿದ್ದಕ್ಕೆ ಏನನ್ನೂ ತೆಗೆದುಕೊಳ್ಳಲಿಲ್ಲ. ಹನ್ನೊಂದು ಗಂಟೆಗೆ ಕೈಗೆ ಸೀಮೆಎಣ್ಣೆ ಸುರಿದು, ತೆಂಗಿನ ನಾರಿನಿಂದ ಉಜ್ಜಿ, ಬೂದಿ ಹಚ್ಚಿ ತೊಳೆದು, ಮನೆಯಿಂದ ಬಂದ ಗಂಜಿಗೆ ಕೂರುವರು. ಡಬ್ಬಿಯ ಮುಚ್ಚಳದಲ್ಲಿ ನನಗೂ ಒಂದು ಪಾಲು, ಜೊತೆಗೆ ಸುಟ್ಟ ಒಣಬಂಗಡೆ. ಉಣ್ಣುತ್ತ ಒಂದು ಮಾತನ್ನು ಆಗಾಗ ಹೇಳುತ್ತಿದ್ದರು. "ಗಾಡಿ ಸುಳ್ಳು ಹೇಳೂದಿಲ್ಲ ತಮಾ. ಗಾಡಿ ತಕಂಡು ಬಂದವ ಹೇಳ್ತ."

ಅಪ್ಪ ಹೋದ ಮೇಲೆ ನನ್ನನ್ನು ತಮಾ ಎಂದು ಅಷ್ಟು ಮೆತ್ತಗೆ ಕರೆದವರು ಬೇರೆ ಯಾರೂ ಇರಲಿಲ್ಲ.

ಹೊಸ ಬಿಡಿಭಾಗಗಳು ಆಗ ಸಿಗುತ್ತಿರಲಿಲ್ಲ. ಸಿಕ್ಕರೂ ಮುಂಬಯಿಯಿಂದ ಬರಬೇಕು, ತಿಂಗಳು ಕಾಯಬೇಕು. ನಮ್ಮ ಕರಾವಳಿಯ ಗಾಡಿಗಳೆಲ್ಲ ಭಟ್ಕಳದ ಗುಜರಿಯಿಂದ ಉಸಿರಾಡುತ್ತಿದ್ದವು. ಅಲ್ಲೊಬ್ಬ ಸಾಹೇಬರು ಘಟ್ಟದಲ್ಲಿ ಬಿದ್ದ ಲಾರಿ, ಓಡದೆ ನಿಂತ ಕಾರುಗಳನ್ನು ಕೊಂಡು, ಒಡೆದು, ಭಾಗ ಭಾಗವಾಗಿ ಮಾರುತ್ತಿದ್ದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಲುಂಗಿ, ತುಕ್ಕು ಕಬ್ಬಿಣದ ನಡುವೆ ಕೂತರೂ ಮೈಮೇಲೆ ಒಂದು ಕಲೆಯಿಲ್ಲ. ಅವರದ್ದೊಂದು ಕರಾರಿತ್ತು. ಕೊಂಡ ಮಾಲು ಕೆಲಸ ಮಾಡದಿದ್ದರೆ ಹದಿನೈದು ದಿನದೊಳಗೆ ತಂದುಕೊಡಬೇಕು, ಪೂರ್ತಿ ಹಣ ವಾಪಸ್.

ಗಿರಾಕಿಯ ಗಾಡಿಗೆ ಏನಾದರೂ ಬೇಕಾದರೆ ಮೇಸ್ತ್ರಿ ನನ್ನನ್ನೇ ಭಟ್ಕಳಕ್ಕೆ ಕಳಿಸುತ್ತಿದ್ದರು. ಆಗ ಶರಾವತಿಗೆ ಸೇತುವೆಯಿರಲಿಲ್ಲ. ಜೋಡಿ ದೋಣಿಯ ಮೇಲೆ ಹಲಗೆ ಹಾಸಿದ ಜಂಗಲಿನಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಬಸ್ಸು ಹಿಡಿದು, ಮಂಕಿ ದಾಟಿ ಹೋಗಬೇಕು. ತಂದುಕೊಟ್ಟು ನಾನು ನನ್ನ ಬಾಡಿಗೆಗೆ ಹೋಗುವೆ. ಕೆಲವು ಸಲ ವಾರದ ಮೇಲೆ ಮೇಸ್ತ್ರಿ ಅದೇ ಡೈನಮೊವನ್ನೋ ಪೆಟ್ರೋಲ್ ಪಂಪನ್ನೋ ಗೋಣಿಯಲ್ಲಿ ಸುತ್ತಿ ಕೊಡುವರು. ಸಾಹೇಬರು ಈ ಸಲ ಕೈಕೊಟ್ಟರು, ವಾಪಸ್ ಮಾಡಿ ಬಾ ಎನ್ನುವರು. ನಾನು ಮತ್ತೆ ಹೊಳೆ ದಾಟುವೆ. ಸಾಹೇಬರ ಮುಂದೆ ಕಟ್ಟು ಬಿಚ್ಚಿ, ನಮ್ಮ ಮೇಸ್ತ್ರಿಗೆ ಮೂರು ದಿನದ ಕೆಲಸ ಹಾಳಾಯಿತು, ಗಿರಾಕಿ ಬಾಗಿಲಲ್ಲಿ ಕೂತಿದ್ದಾನೆ ಎಂದು ಸಿಟ್ಟಿನಿಂದ ಹೇಳುವೆ. ಸಾಹೇಬರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಹಣ ಎಣಿಸಿ ಕೊಡುವರು. ಅವರಿಗೆ ನನ್ನ ಮೇಲೆ ಮರ್ಯಾದೆಯಿದೆ ಎಂದುಕೊಂಡಿದ್ದೆ. ನಾಲ್ಕೈದು ವರ್ಷ ಹೀಗೇ ನಡೆಯಿತು.

ಒಂದು ಬೇಸಿಗೆಯಲ್ಲಿ ನನ್ನ ಕಾರಿನ ಗಿಯರ್ ಬಾಕ್ಸೇ ಹೋಯಿತು. ಪುಣ್ಯಕ್ಕೆ ಅದೇ ಜಾತಿಯ ಕಾರೊಂದನ್ನು ಸಾಹೇಬರು ಆಗಷ್ಟೇ ಒಡೆದಿದ್ದರು. ಗಿಯರ್ ಬಾಕ್ಸನ್ನು ಬಸ್ಸಿನ ಮೇಲೆ ಹಾಕಿಸಿ ತಂದು ಮೇಸ್ತ್ರಿಯ ಮುಂದೆ ಇಳಿಸಿದೆ. ಅವರು ಅದನ್ನು ಕೈಯಿಂದ ತಿರುಗಿಸಿ ನೋಡಿ, ಒಳ್ಳೇ ಮಾಲು ಎಂದರು. ಬಿಚ್ಚಿ ತೊಳೆಯಬೇಕು, ಎರಡು ದಿನ ಬಿಟ್ಟು ಬಾ ಎಂದರು. ಮೂರನೆಯ ದಿನ ಹೋದಾಗ ಕಪ್ಪು ಬಣ್ಣ ಬಳಿದು ಕೂರಿಸಿಯೂ ಆಗಿತ್ತು. ನನಗೆ ಖುಷಿಯಾಯಿತು. ಬಣ್ಣಕ್ಕೂ ಅವರು ದುಡ್ಡು ತೆಗೆದುಕೊಂಡಿರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಐದು ಜನರನ್ನು ಕೂರಿಸಿಕೊಂಡು ಕುಮಟೆಗೆ ಹೊರಟಿದ್ದೆ. ಮುಂದಿನ ಸೀಟಿನಲ್ಲಿ ಹಿರೇಗುತ್ತಿಯ ಶಾಲೆಯ ಮಾಸ್ತರರು. ರಜೆ ಮುಗಿಸಿ ಹೋಗುತ್ತಿದ್ದರು, ತೊಡೆಯ ಮೇಲೆ ಹೊಸ ಪುಸ್ತಕಗಳ ಕಟ್ಟು. ಕುಮಟೆ ಇನ್ನೇನು ಬಂತು ಎನ್ನುವ ಇಳಿಜಾರಿನಲ್ಲಿ ಕೆಳಗಿನಿಂದ ಕಲ್ಲು ಒಡೆದಂತೆ ಸದ್ದಾಯಿತು. ಗಿಯರಿನ ಹಲ್ಲು ಮುರಿದು ಒಳಗೆ ಸಿಕ್ಕಿಕೊಂಡಿತ್ತು. ಹಿಂದಿನ ಗಾಲಿಗಳು ಒಮ್ಮೆಲೇ ಬಿಗಿದವು. ಗಾಡಿ ಅಡ್ಡ ತಿರುಗಿ, ಮೊದಲ ಮಳೆಯ ನೀರು ನಿಂತ ಚರಂಡಿಗೆ ವಾಲಿತು. ಉಳಿದವರಿಗೆ ತರಚು ಗಾಯ. ಮಾಸ್ತರರ ಬಲಗೈ ಮಣಿಕಟ್ಟಿನಲ್ಲಿ ಮುರಿದಿತ್ತು. ಅವರು ನನ್ನನ್ನು ಬಯ್ಯಲಿಲ್ಲ. ಎಡಗೈಯಲ್ಲಿ ಬಲಗೈ ಹಿಡಿದುಕೊಂಡು, ಪುಸ್ತಕ ನೀರಿಗೆ ಬಿತ್ತೇ ನೋಡು ಎಂದರು. ಆ ಮಾತು ನನ್ನ ತಲೆಯಲ್ಲಿ ತಿಂಗಳುಗಟ್ಟಲೆ ಓಡಿತು.

ಮೇಸ್ತ್ರಿ ಬಾಕ್ಸು ಬಿಚ್ಚಿ, ತಲೆ ಅಲ್ಲಾಡಿಸಿ, ಸಾಹೇಬರ ಹತ್ತಿರ ಹೋಗು, ಇನ್ನೂ ಹದಿನೈದು ದಿನ ಆಗಲಿಲ್ಲ ಎಂದರು. ಅವರು ಹೇಳಬೇಕಾಗಿರಲಿಲ್ಲ. ಮುರಿದ ಬಾಕ್ಸು ಹೊರಿಸಿಕೊಂಡು ನಾನು ಭಟ್ಕಳಕ್ಕೆ ಹೋದದ್ದು ಹಣಕ್ಕಲ್ಲ, ಜಗಳಕ್ಕೆ. ಗಿರಾಕಿಗಳು, ಹಮಾಲರು ಎಲ್ಲರ ಎದುರಿಗೆ ಸಾಹೇಬರನ್ನು ಕಳ್ಳ ಎಂದೆ. ಮಾಸ್ತರರ ಕೈಯ ಕತೆಯನ್ನೂ ಹೇಳಿದೆ. ಸಾಹೇಬರು ಪೂರ್ತಿ ಕೇಳಿ, ಹಣ ತಂದು ನನ್ನ ಕೈಗಿಟ್ಟು, ಚಹಾ ತರಿಸಿದರು. ಆಮೇಲೆ ಹಮಾಲನಿಗೆ ಹೇಳಿ ಗಿಯರ್ ಬಾಕ್ಸನ್ನು ಮಗುಚಿ ಹಾಕಿಸಿದರು. ಎಣ್ಣೆ ಇಳಿಸುವ ತಿರುಪಿನ ಪಕ್ಕ ಬೆರಳಿಟ್ಟು ಕೇಳಿದರು:

"ಇಲ್ಲಿ ಮೂರು ಚುಕ್ಕಿ ಇರಬೇಕು. ನನ್ನ ಅಂಗಡಿಯಿಂದ ಹೋಗುವ ಎಲ್ಲದಕ್ಕೂ ನಾನೇ ಪಂಚ್ ಹೊಡೀತೇನೆ, ಯಾರಿಗೂ ಹೇಳುದಿಲ್ಲ. ಎಲ್ಲಿದೆ ತೋರಿಸಿ."

ಚುಕ್ಕಿಗಳಿರಲಿಲ್ಲ. ಅವರು ಎದ್ದು ನನ್ನನ್ನು ಅಂಗಡಿಯ ಹಿಂಭಾಗಕ್ಕೆ ಕರೆದುಕೊಂಡು ಹೋದರು. ಗೋಡೆಯ ಬುಡದಲ್ಲಿ ಒಂದು ರಾಶಿಯಿತ್ತು. ಡೈನಮೊ, ಪೆಟ್ರೋಲ್ ಪಂಪು, ಸ್ಟಾರ್ಟರು. ಒಂದೊಂದನ್ನೂ ನಾನು ಗುರುತಿಸಿದೆ. ಗೋಣಿಯಲ್ಲಿ ಹೊತ್ತು ತಂದವನು ನಾನೇ.

"ಇದರಲ್ಲಿ ಒಂದೂ ನನ್ನ ಮಾಲಲ್ಲ," ಎಂದರು ಸಾಹೇಬರು. "ಒಳ್ಳೇದು ಇಟ್ಟುಕೊಂಡು ಗಿರಾಕಿಯ ಸತ್ತ ಸಾಮಾನು ನನಗೆ ತಂದುಕೊಡ್ತೀರಿ. ಇಷ್ಟು ವರ್ಷ ನಿಮ್ಮನ್ನೇ ಕಳ್ಳ ಅಂತ ತಿಳಿದಿದ್ದೆ. ಆದರೆ ಸ್ವಂತ ಗಾಡಿಗೆ ಕೆಟ್ಟದ್ದು ಹಾಕಿಕೊಂಡು ಯಾರೂ ಚರಂಡಿಗೆ ಬೀಳುದಿಲ್ಲ."

ಗೊತ್ತಿದ್ದೂ ಹಣ ಏಕೆ ಕೊಟ್ಟಿರಿ ಎಂದು ಕೇಳಿದೆ. ಹದಿನೈದು ದಿನ ಎಂದು ಬಾಯಿಬಿಟ್ಟು ಹೇಳಿದ ಮೇಲೆ ಅಂಗಡಿಯ ಮುಂದೆ ತಕರಾರು ತೆಗೆದರೆ ಉಳಿದ ಗಿರಾಕಿಗಳು ಬರುವುದಿಲ್ಲ ಎಂದರು. ಎರಡನೆಯ ವರ್ಷದಿಂದ ನಿಮಗೆ ಹೇಳುವ ಬೆಲೆಯೇ ಬೇರೆಯಿತ್ತು, ವಾಪಸ್ ಕೊಡುವುದನ್ನು ಅದರಲ್ಲೇ ಸೇರಿಸುತ್ತಿದ್ದೆ ಎಂದೂ ಹೇಳಿದರು. ಅಂದರೆ ನನ್ನ ಗಿಯರ್ ಬಾಕ್ಸಿಗೂ ನಾನು ಕಳ್ಳನ ಬೆಲೆ ಕೊಟ್ಟಿದ್ದೆ. ಆ ಮುಖ ನೋಡುವ ನೋಟವನ್ನು ಮರ್ಯಾದೆ ಎಂದುಕೊಂಡಿದ್ದೆನಲ್ಲ, ಅದು ನೆನಪಾಯಿತು. ಹಣವನ್ನು ಅಲ್ಲೇ ಇಟ್ಟು ಬಂದೆ.

ಹೊನ್ನಾವರ, ಕುಮಟೆ, ಭಟ್ಕಳ ಮೂರೂ ಊರುಗಳಲ್ಲಿ ನನ್ನ ಗಾಡಿಯ ಜಾತಿಯದು ಇನ್ನೊಂದೇ ಇತ್ತು, ಕುಮಟೆಯ ತೆಂಗಿನಕಾಯಿ ವ್ಯಾಪಾರಿಯದು. ಅದರ ಡ್ರೈವರು ನನ್ನ ಗೆಳೆಯ. ಮರುದಿನ ಅವನನ್ನು ಕೇಳಿ ಗಾಡಿಯ ಅಡಿಗೆ ತೂರಿದೆ. ತಿರುಪಿನ ಪಕ್ಕದ ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದೆ. ಮೂರು ಚುಕ್ಕಿ. ಹತ್ತು ದಿನದ ಹಿಂದೆ ಹೊನ್ನಾವರದ ಮೇಸ್ತ್ರಿ ಧಣಿಯಿಂದ ಪೂರ್ತಿ ಹಣ ತೆಗೆದುಕೊಂಡು ಹೊಸ ಬಾಕ್ಸು ಹಾಕಿಕೊಟ್ಟರು, ಬೆಣ್ಣೆಯ ಹಾಗೆ ಓಡುತ್ತಿದೆ ಎಂದು ಗೆಳೆಯ ಹೇಳುತ್ತಿದ್ದ. ಆ ವ್ಯಾಪಾರಿಯ ಗಾಡಿಯ ಸವೆದ ಬಾಕ್ಸು ನನ್ನ ಗಾಡಿಗೆ ಬಂದಿತ್ತು. ಅಲ್ಲಿಯೇ ನೆಲದ ಮೇಲೆ ಬಹಳ ಹೊತ್ತು ಅಂಗಾತ ಮಲಗಿದ್ದೆ. ಹೊರಗೆ ಬರಲು ಮನಸ್ಸಾಗಲಿಲ್ಲ.

ಮೇಸ್ತ್ರಿಯ ಅಂಗಡಿಗೆ ಹೋದಾಗ ಅವರು ಗಂಜಿಗೆ ಮುಂಚೆ ಕೈ ತೊಳೆಯುತ್ತಿದ್ದರು. ನನ್ನ ಗಿಯರ್ ಬಾಕ್ಸನ್ನು ಕುಮಟೆಯಲ್ಲಿ ನೋಡಿ ಬಂದೆ ಎಂದೆ. ಅವರು ತಿರುಗಿ ನೋಡಲಿಲ್ಲ. ಬೆರಳಿನ ಸಂದುಗಳನ್ನು ಒಂದೊಂದಾಗಿ ಉಜ್ಜಿದರು.

"ಸಾಹೇಬ್ರು ಹ್ಯಾಂಗೂ ದುಡ್ಡು ವಾಪಸ್ ಕೊಡ್ತ್ರು. ನಿಂಗೆ ನಷ್ಟ ಎಂತ ಬಂತು?" ಎಂದರು. "ಹಲ್ಲು ಸದ್ದು ಮಾಡ್ತದೆ, ನೀ ಬಿಚ್ಚಿ ತರ್ತೆ ಅಂದ್ಕಂಡಿದ್ದೆ. ಮುರೀತದೆ ಅಂದ್ಕಳ್ಳಲಿಲ್ಲ."

"ಇಷ್ಟು ವರ್ಷ ನನ್ನೇ ಯಾಕೆ ಕಳಿಸಿದ್ರಿ ಮೇಸ್ತ್ರಿ?"

ಆಗ ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ನಾಚಿಕೆಯಿರಲಿಲ್ಲ, ದಿನವೂ ಪಾಠ ಹೇಳುವಾಗ ಇರುವ ತಾಳ್ಮೆಯೇ ಇತ್ತು.

"ನಿಂಗೆ ಸುಳ್ಳು ಹೇಳೂಕೆ ಬರೂದಿಲ್ಲ ತಮಾ. ನೀ ಸಿಟ್ಟು ಮಾಡ್ದ್ರೆ ಯಾರಾದ್ರೂ ನಂಬ್ತ್ರು."

ಮಾಸ್ತರರ ಕೈ ಎಂದು ನಾನು ಬಾಯಿ ತೆರೆದೆ. ಅವರು ಡಬ್ಬಿಯ ಮುಚ್ಚಳಕ್ಕೆ ಗಂಜಿ ಬಗ್ಗಿಸಿ ನನ್ನ ಕಡೆ ಸರಿಸಿದರು. ನಾನು ಅದನ್ನು ಮುಟ್ಟದೆ ಎದ್ದು ಬಂದೆ. ಮತ್ತೆ ಆ ತಗಡಿನ ಮಾಡಿನ ಕೆಳಗೆ ಕಾಲಿಡಲಿಲ್ಲ.

ಊರಿಗೆ ನಾನು ಏನನ್ನೂ ಸಾರಲಿಲ್ಲ. ಹೇಳಿದರೆ, ಅಷ್ಟು ವರ್ಷ ಗೋಣಿ ಹೊತ್ತವನು ನೀನೇ ಅಲ್ಲವೇ ಎನ್ನುತ್ತಿದ್ದರು. ಮಾಸ್ತರರಿಗೆ ಮಾತ್ರ ಹಿರೇಗುತ್ತಿಗೆ ಹೋಗಿ ಎಲ್ಲ ಹೇಳಿದೆ. ಎಲುಬು ಸೊಟ್ಟಗೆ ಕೂಡಿತ್ತು. ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯಲು ರೂಢಿ ಮಾಡಿಕೊಳ್ಳುತ್ತಿದ್ದರು. ಹೊರಡುವಾಗ ಒಂದು ಎಳನೀರು ಕೆತ್ತಿಸಿ ಕೊಟ್ಟರು.

ಗಾಡಿ ಮಾರಿ ಕುಮಟೆಯಲ್ಲಿ ನನ್ನದೇ ರಿಪೇರಿ ಅಂಗಡಿ ಹಾಕಿದೆ. ಬೇರೆ ಕೆಲಸ ನನಗೆ ಬರುತ್ತಿರಲಿಲ್ಲ, ಬರುತ್ತಿದ್ದದ್ದೆಲ್ಲ ಅವರು ಕಲಿಸಿದ್ದು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮೇಸ್ತ್ರಿ ತೀರಿಕೊಂಡರು ಎಂದು ಬಸ್ಸಿನ ಕಂಡಕ್ಟರೊಬ್ಬ ಹೇಳಿದ. ಹೋಗಬಾರದು ಎಂದುಕೊಂಡೇ ಹೋದೆ. ಅವರ ಹೆಂಡತಿ ನನ್ನನ್ನು ಕಂಡದ್ದೇ ಅತ್ತರು. ತಮ್ಮ ಕಣ್ಣು ಮಂಜಾದ ಮೇಲೆ ಮೇಸ್ತ್ರಿ, ಬಂದ ಗಿರಾಕಿಗಳಿಗೆಲ್ಲ, ಕುಮಟೆಗೆ ಹೋಗಿ, ಅವನು ಮೋಸ ಮಾಡುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದರಂತೆ. ಹೊನ್ನಾವರದ ಗಾಡಿಗಳು ಅಷ್ಟು ದೂರ ನನ್ನಲ್ಲಿಗೆ ಬರುತ್ತಿದ್ದುದು ನನ್ನ ಕೈಗುಣದಿಂದ ಎಂದು ನಾನು ತಿಳಿದಿದ್ದೆ. ಅದು ಪಶ್ಚಾತ್ತಾಪವೋ, ಅಥವಾ ನನ್ನ ಮುಖವನ್ನು ಮತ್ತೊಮ್ಮೆ ಬಳಸಿಕೊಂಡದ್ದೋ, ನನಗೆ ಗೊತ್ತಾಗಲಿಲ್ಲ. ಕೇಳಲು ಅವರು ಇರಲಿಲ್ಲ. ಹೆಣಕ್ಕೆ ಹೆಗಲು ಕೊಟ್ಟೆ. ಕಣ್ಣಲ್ಲಿ ನೀರು ಬರಲಿಲ್ಲ.

ನನಗೆ ಅನ್ನ ಕೊಟ್ಟ ವಿದ್ಯೆ ಅವರದು. ಅದನ್ನು ನಾನು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ. ಗಿಯರ್ ಬಾಕ್ಸಿನ ಸಿಟ್ಟೂ ಎಂದೋ ಆರಿತು. ಆದರೆ ಅಂಗಡಿಯಿಂದ ತಂದ ಸಾಮಾನು ಕೆಟ್ಟದ್ದೆಂದು ವಾಪಸ್ ಕೊಡಲು ನನ್ನಿಂದ ಇವತ್ತಿಗೂ ಆಗುವುದಿಲ್ಲ. ಕಳೆದ ಮಳೆಗಾಲದಲ್ಲಿ ಕೊಂಡ ಕೊಡೆಯ ಕಡ್ಡಿ ಎರಡೇ ದಿನಕ್ಕೆ ಕಿತ್ತುಹೋಯಿತು. ನನ್ನ ಹೆಂಡತಿಯೇ ಅದನ್ನು ಹಿಡಿದುಕೊಂಡು ಅಂಗಡಿಯೊಳಗೆ ಹೋದಳು. ಅಂಗಡಿಯವನಿಗೆ ನನ್ನ ಮುಖ ಕಾಣದ ಹಾಗೆ, ನಾನು ರಸ್ತೆಯ ಆಚೆ ಬದಿಯಲ್ಲಿ ಬೆನ್ನು ತಿರುಗಿಸಿಕೊಂಡು ಮಳೆಯಲ್ಲಿ ನಿಂತಿದ್ದೆ.