ಬೆನ್ನ ಹಿಂದಿನಿಂದ ಎಳೆದ ಗಾಳ

ನಾವು ಕೆಲಸಗಾರರು ಉಳಿಯುವ ಕ್ಯಾಂಪಿನ ಕೋಣೆಗಳಲ್ಲಿ ಜಿನ್ನ್‌ಗಳ ಕತೆ ಶುರುವಾದರೆ ಮೊದಲು ನಗುತ್ತಿದ್ದವನು ನಾನು. ಎಲ್ಲವೂ ನಿದ್ದೆಗೆಟ್ಟವರ ತಲೆಯಲ್ಲಿ ಹುಟ್ಟುವಂಥದ್ದು ಎಂದು ವಾದಿಸಿ ಹಲವರ ಸಿಟ್ಟಿಗೂ ಗುರಿಯಾಗಿದ್ದೇನೆ. ಈಗ ನನ್ನದೇ ಒಂದು ಕತೆ ಹೇಳಹೊರಟಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಅರಬ್ ನಾಡಿನ ಈ ಕಡಲತೀರದ ಊರು ರಾಬಿಗ್‌ನಲ್ಲಿ ನನ್ನ ಮೀನಿನ ಜೊತೆಗಾರರು ಇಸ್ಮಾಯಿಲ್ ಭಾಯ್. ಭಟ್ಕಳದವರು, ಬಟ್ಟೆ ಅಂಗಡಿ ಇಟ್ಟಿದ್ದಾರೆ, ನನಗಿಂತ ಬಹಳ ಹಿರಿಯರು. ನನ್ನ ಮನೆಮಾತು ಬ್ಯಾರಿ, ಅವರದು ನವಾಯತಿ, ಹಾಗಾಗಿ ನಮ್ಮ ಹರಟೆಯೆಲ್ಲ ಕನ್ನಡದಲ್ಲಿ. ಕಡಲ ಬದಿಯಲ್ಲೇ ಹುಟ್ಟಿದ್ದರೂ ಅವರಿಗೆ ಈಜು ಬಾರದು. ಅದನ್ನೇ ಹೇಳಿ ನಾನು ರೇಗಿಸುತ್ತಿದ್ದೆ.

ಚಳಿ ಮುಗಿದು ಬಿಸಿಲು ಇನ್ನೂ ಬಲಿಯದ ದಿನಗಳಲ್ಲಿ ಹಮೂರ್ ದಡದ ಹತ್ತಿರ ಬರುತ್ತದೆ. ನಮ್ಮೂರಲ್ಲಿ ಮುರುಮೀನು ಎನ್ನುವುದು ಅದನ್ನೇ. ಪೇಟೆಯಿಂದ ಸ್ವಲ್ಪ ಆಚೆ ಕಡಲು ಕೆರೆಯ ಹಾಗೆ ಒಳಚಾಚಿಕೊಂಡಿದೆ. ಮೊಣಕಾಲುದ್ದದ ನೀರಿನಲ್ಲಿ ಬಹುದೂರ ನಡೆಯಬಹುದು, ಆಮೇಲೆ ನೆಲ ಇಳಿಜಾರಾಗಿ ಒಮ್ಮೆಲೇ ಕುಸಿಯುತ್ತದೆ. ಮೀನು ಇರುವುದು ಆ ಅಂಚಿನ ಬಂಡೆಗಳಲ್ಲಿ. ಒಂದು ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅಲ್ಲಿಗೆ ಹೋದೆವು. ನೀರಿಗೆ ಬಿದ್ದರೆ ಕಷ್ಟ ಎಂದು ಮೊಬೈಲುಗಳನ್ನು ಕಾರಿನಲ್ಲೇ ಬಿಟ್ಟೆವು.

ನೆಲದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಊರಿನಲ್ಲಿ ಘಟ್ಟದ ಕಡೆಯ ಗಾಳಿ ಎಂದರೆ ಕಡಲು ಶಾಂತ. ಇಲ್ಲಿಯೂ ಕಡಲು ಪಡುವಣಕ್ಕೇ ಇದೆ, ಸೂರ್ಯ ನೀರಿಗೇ ಇಳಿಯುತ್ತಾನೆ. ಹಾಗಾಗಿ ಊರಿನ ಲೆಕ್ಕವನ್ನೇ ಇಲ್ಲಿಗೂ ಹಾಕಿ ನಿಶ್ಚಿಂತೆಯಿಂದ ಇಳಿದೆವು. ನಾನು ಎರೆಗೆ ಬೊಂಡಾಸಿನ, ಅಂದರೆ ಸ್ಕ್ವಿಡ್‌ನ, ತುಂಡು ಸಿಕ್ಕಿಸಿ ಗಾಳವನ್ನು ಆಳದ ಕಡೆಗೆ ಎಸೆದು ದಾರವನ್ನು ಕೈಗೆ ಸುತ್ತಿಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಧೂಳು ಬಂತು. ದಡ ಕಾಣದಾಯಿತು, ಸೂರ್ಯನೂ ಕಾಣದಾದ.

"ಗಾಳಿಗೆ ಮುಖ ಕೊಟ್ಟು ನಡಿ ಮಾರಾಯ, ದಡ ಆಚೆಯೇ ಉಂಟು," ಎಂದರು ಇಸ್ಮಾಯಿಲ್ ಭಾಯ್. ನನಗೂ ಅದೇ ಸರಿ ಎನಿಸಿತು. ಒಬ್ಬರ ತೋಳು ಒಬ್ಬರು ಹಿಡಿದು ನಡೆದೆವು. ಧೂಳಿನ ನಡುವೆ ಗಾಳಿ ತಿರುಗಿ ಕಡಲಿನಿಂದಲೇ ಬೀಸತೊಡಗಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಅವರು ಕೊನೆಗಾಲದಲ್ಲಿ ಹೇಳುವ ಕಲಿಮಾ ಹೇಳಲು ಶುರುಮಾಡಿದರು. ಆಮೇಲೆ ಮೆಲ್ಲಗೆ, "ನಿನಗೆ ಈಜು ಬರ್ತದಲ್ಲ, ನೀನು ಹೋಗು. ನನ್ನ ಕೈ ಬಿಡು," ಎಂದರು. ನಾನು ಅವರ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಕೈ ಬಿಡುವ ಮಾತಿರಲಿ, ಯಾವ ಕಡೆ ಈಜುವುದೆಂದೇ ಗೊತ್ತಿರಲಿಲ್ಲ.

ಆಗ ಕೈಯಲ್ಲಿದ್ದ ದಾರ ಬಿಗಿಯಾಯಿತು. ಗಾಳ ಎಸೆದದ್ದು ಆಳಕ್ಕೆ, ಎಳೆತ ಬಂದದ್ದು ಬೆನ್ನ ಹಿಂದಿನಿಂದ. ಮೀನು ಜಗ್ಗಿದರೆ ಕೈಗೆ ಗೊತ್ತಾಗುತ್ತದೆ, ಅದು ಒದ್ದಾಡುತ್ತದೆ. ಇದು ರಸ್ತೆ ದಾಟಿಸುವಾಗ ಅಜ್ಜಿ ಮಣಿಕಟ್ಟು ಹಿಡಿದು ಎಳೆದ ಹಾಗೆ ಒಂದೇ ಸಮನಾಗಿತ್ತು. ನಿಂತರೆ ಬಿಗಿಯುತ್ತಿತ್ತು, ಹಿಂಬಾಲಿಸಿದರೆ ಸಡಿಲವಾಗುತ್ತಿತ್ತು. ದಡ ಆ ಕಡೆ ಅಲ್ಲ ಎಂದು ಇಸ್ಮಾಯಿಲ್ ಭಾಯ್ ಗದರಿದರು. ನಾನು ವಾದಿಸದೆ ಅವರನ್ನು ಎಳೆದುಕೊಂಡು ದಾರದ ಹಿಂದೆ ನಡೆದೆ. ನೀರು ಸೊಂಟಕ್ಕಿಳಿಯಿತು, ಮೊಣಕಾಲಿಗಿಳಿಯಿತು, ಕೊನೆಗೆ ಕಾಲಡಿಗೆ ದಡದ ಮರಳು ಸಿಕ್ಕಿತು. ಇಬ್ಬರೂ ಅಲ್ಲೇ ಕುಸಿದು ಕುಳಿತೆವು.

ದಾರ ಈಗ ಪೂರ್ತಿ ಸಡಿಲವಾಗಿತ್ತು. ಅದನ್ನು ಕೈಗೆ ಸುತ್ತುತ್ತಾ ಹೋದೆ. ಅದು ನೀರಿಗೆ ಹೋಗಲಿಲ್ಲ, ದಡದ ಮೇಲೆ ಹೋಯಿತು. ಸೀಸದ ಗುಂಡು ಕಟ್ಟಿದ್ದ ಗಾಳ ಒಣ ಮರಳಿನ ಮೇಲೆ ಬಿದ್ದಿತ್ತು. ಬೊಂಡಾಸಿನ ತುಂಡು ಸಿಕ್ಕಿಸಿದ ಹಾಗೆಯೇ ಇತ್ತು. ಹೆಜ್ಜೆ ಗುರುತು ಹುಡುಕಿದೆ, ಆದರೆ ಆ ಗಾಳಿಯಲ್ಲಿ ನಮ್ಮ ಹೆಜ್ಜೆಯೇ ಉಳಿಯುತ್ತಿರಲಿಲ್ಲ.

"ಯಾರು ಎಳೆದದ್ದು ಅಂತ ಕೇಳ್ಬೇಡ ಮಾರಾಯ, ಅಲ್‌ಹಮ್ದುಲಿಲ್ಲಾಹ್ ಹೇಳು," ಎಂದರು ಅವರು. ದೇವರಿಗೆ ಕೃತಜ್ಞತೆಯ ಆ ಮಾತು ಹೇಳಿದೆ. ಆದರೂ ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಆಮೆಯೋ ತೊರಕೆ ಮೀನೋ ಎಳೆದಿದ್ದರೆ ಗಾಳ ಮರಳಿಗೆ ಬಂದದ್ದು ಹೇಗೆ? ಗಾಳಿಯೇ ಎಳೆಯಿತು ಎಂದರೆ ಆ ಸೀಸದ ಭಾರ ನನ್ನ ಬಾಯಿ ಮುಚ್ಚಿಸುತ್ತದೆ.

ಧೂಳು ಇಳಿದ ಮೇಲೆ ಕಾರಿಗೆ ಬಂದಾಗ ಇಸ್ಮಾಯಿಲ್ ಭಾಯ್ ಅವರ ಫೋನ್ ಹೊಡೆದುಕೊಳ್ಳುತ್ತಿತ್ತು. ಮೀನು ಸಿಗಲಿಲ್ಲ, ನಾವಿಬ್ಬರೂ ಬರುತ್ತಿದ್ದೇವೆ ಎಂದು ಅವರು ಹೆಂಡತಿಗೆ ಹೇಳಿದರು. ಮಸಾಲೆ ಅರೆದಿಟ್ಟು ಕಾಯುತ್ತಿದ್ದ ಆಕೆ ಇಬ್ಬರನ್ನೂ ಸೇರಿಸಿ ಚೆನ್ನಾಗಿ ಬೈದರು. ಅಷ್ಟು ಹಿತವಾದ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.