ವಾಚಿನ ಹನ್ನೊಂದು ತಪ್ಪುಗಳು

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಹಾಲ್ ಟಿಕೆಟ್ಟು, ಜಾತಿ ಪ್ರಮಾಣಪತ್ರದ ಅರ್ಜಿ ತೆಗೆದುಕೊಡುವುದೇ ದಿನದ ಕೆಲಸ. ಪಕ್ಕದ್ದು ವಾಚ್ ರಿಪೇರಿ ಅಂಗಡಿ. ನಡುವೆ ತಗಡಿನ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತದೆ. ಅಲ್ಲಿ ಕೂರುವವರನ್ನು ಊರೆಲ್ಲ ಚಾಚಾ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಅವರಿಗೆ ನಾನು ಬೇಟಿ. ಸಿಟ್ಟು ಬಂದಾಗ ಮಾತ್ರ ‘ಮೇಡಂ’.

ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಚಾಚಾನ ಅಂಗಡಿಗೆ ಬರುವವರು ಕಡಿಮೆಯಾದರು. ಬಂದವರೂ ಸೆಲ್ ಹಾಕಿಸಿಕೊಂಡು ಹೋಗುವವರೇ. ಆದರೆ ಅವರ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಕೀ ಕೊಡುವ ಹಳೆಯ ವಾಚುಗಳು ತುಂಬ ಇದ್ದವು. ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆಯ ಜನ ಬೇಡವೆಂದು ಮಾರಿದವನ್ನು ವರ್ಷಗಟ್ಟಲೆ ಕೊಂಡು ಇಟ್ಟಿದ್ದರು. ಅಂಥ ವಾಚುಗಳನ್ನು ಹೊರದೇಶದವರು ಹುಡುಕಿ ಕೊಳ್ಳುತ್ತಾರೆ ಎಂಬುದನ್ನು ನಾನು ಒಂದು ಜಾಲತಾಣದಲ್ಲಿ ನೋಡಿ ಅವರಿಗೆ ಹೇಳಿದೆ.

“ಅಷ್ಟು ದೂರದೋರಿಗೆ ನಮ್ಮ ಹಳೇ ವಾಚ್ ಯಾಕ ಬೇಕು? ಅವರ ದೇಶದಾಗ ಟೈಮ್ ಇಲ್ಲೇನು?” ಅಂದರು.

ಆದರೂ ಮರುದಿನ ಹತ್ತು ವಾಚುಗಳನ್ನು ಒರೆಸಿ ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಫೋಟೋ ತೆಗೆಯುವುದು, ಇಂಗ್ಲಿಷಿನಲ್ಲಿ ಬರೆಯುವುದು, ಪೋಸ್ಟಿಗೆ ಹಾಕುವುದು ನನ್ನ ಪಾಲು. ವಾಚು ಸರಿಮಾಡುವುದು ಅವರ ಪಾಲು.

ಕೊಂಡವರೆಲ್ಲ ಸುಲಭದವರಾಗಿರಲಿಲ್ಲ. ಅಮೆರಿಕದ ಒಬ್ಬ, ವಾಚು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ ಎಂದು ದೂರಿದ. “ನನ್ನಷ್ಟ ವಯಸ್ಸಾಗೈತಿ ಅದಕ್ಕ. ನಾಕ್ ನಿಮಿಷ ಹಿಂದ ಬಿದ್ರ ಏನಾತು ಅಂತ ಬರಿ” ಅಂದರು ಚಾಚಾ. ‘ತೊಂದರೆಗೆ ವಿಷಾದಿಸುತ್ತೇವೆ’ ಎಂದು ನಾನು ಬರೆದೆ. ಇನ್ನೊಬ್ಬಾಕೆ, ಪೊಟ್ಟಣದ ಹತ್ತಿಗೆ ಯಾಕೆ ಅತ್ತರಿನ ವಾಸನೆ ಎಂದು ಕೇಳಿದಳು. ಆ ಹತ್ತಿಯನ್ನು ಚಾಚಾ ಮನೆಯಿಂದ ಪ್ರೀತಿಯಿಂದ ತಂದಿದ್ದರು. ಆ ಪತ್ರವನ್ನು ಅವರಿಗೆ ಓದಿ ಹೇಳಲೇ ಇಲ್ಲ.

ಆಮೇಲೆ ಬಂದವನು ನ್ಯೂಜಿಲೆಂಡಿನವನು.

ಅವನು ಕೊಳ್ಳುವ ಮೊದಲೇ ಆರು ದಿನ ಪ್ರಶ್ನೆ ಕೇಳಿದ. ಗಾಜು ಯಾವಾಗಿನದು, ಮುಳ್ಳುಗಳು ಅದರವೇ ಹೌದೇ, ಬಿಸಿಲಿನಲ್ಲಿ ಒಂದು ಫೋಟೋ, ನೆರಳಲ್ಲಿ ಒಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಇನ್ನೊಂದು. ಪ್ರತಿ ಸಲ ವಾಚಿನ ಹಿಂಬದಿ ಬಿಚ್ಚಿ ಬಿಚ್ಚಿ ಚಾಚಾ ಬೇಸತ್ತರು. “ಹೆಣ್ಣು ನೋಡಾಕ ಬಂದೋರೂ ಇಷ್ಟು ಕೇಳಂಗಿಲ್ಲ.”

ಡಯಲ್ ಒರಿಜಿನಲ್ಲೇ ಎಂಬುದೂ ಆ ಪ್ರಶ್ನೆಗಳಲ್ಲಿ ಒಂದಾಗಿತ್ತು. ನೂರಕ್ಕೆ ನೂರು ಒರಿಜಿನಲ್ ಎಂದು ನಾನೇ ಬರೆದೆ. ನಮ್ಮ ಕಡೆ ಒರಿಜಿನಲ್ ಅಂದರೆ ಡೂಪ್ಲಿಕೇಟ್ ಅಲ್ಲ ಎಂದಷ್ಟೇ ಅರ್ಥ. ಚಾಚಾನನ್ನು ಕೇಳಬೇಕು ಎಂದು ನನಗೆ ಹೊಳೆಯಲೂ ಇಲ್ಲ.

ವಾಚು ತಲುಪಿದ ಬೆನ್ನಿಗೇ ಪತ್ರ ಬಂತು. ಡಯಲನ್ನು ದೊಡ್ಡದು ಮಾಡಿ ತೆಗೆದ ಫೋಟೋಗಳು, ಅವುಗಳ ಮೇಲೆ ಕೆಂಪು ಸುತ್ತುಗಳು. ‘ಇದಕ್ಕೆ ಯಾರೋ ಹೊಸದಾಗಿ ಬಣ್ಣ ಹಚ್ಚಿ ಕೈಯಲ್ಲಿ ಅಂಕಿ ಬರೆದಿದ್ದಾರೆ. ನೀವು ನನಗೆ ಮೋಸ ಮಾಡಿದ್ದೀರಿ’ ಎಂದಿದ್ದ. ಮೋಸ ಎಂಬ ಮಾತು ಓದಿ ನನ್ನ ಕಿವಿ ಬಿಸಿಯಾಯಿತು. ಇಷ್ಟು ದಿನ ಅವನ ಕಿರಿಕಿರಿ ಸಹಿಸಿದ್ದೆಲ್ಲ ಒಟ್ಟಿಗೆ ಹೊರಬಂತು. ನಮ್ಮ ಉಸ್ತಾದರು ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾರೆ, ಅವರು ಡಯಲ್ ಮುಟ್ಟುವವರಲ್ಲ, ನೀವು ಒಮ್ಮೆ ಕಣ್ಣು ತೋರಿಸಿಕೊಳ್ಳಿ ಎಂದು ಬರೆದು ಕಳಿಸಿಬಿಟ್ಟೆ. ಕಳಿಸಿದ ಮೇಲೆ ನನ್ನ ಶೌರ್ಯ ಹೇಳಿಕೊಳ್ಳಲು ಪಕ್ಕದಂಗಡಿಗೆ ಹೋದೆ.

“ಚಾಚಾ, ಡಯಲ್ ಮ್ಯಾಲೆ ಯಾರೋ ಹೊಸದಾಗಿ ಬರದಾರ ಅಂತಾನ್ರಿ ಆ ನ್ಯೂಜಿಲೆಂಡಿನವ. ಚಲೋತ್ನಂಗ ಉತ್ತರ ಕೊಟ್ಟೀನಿ.”

“ಯಾರೋ ಯಾಕ? ನಾನೇ ಬರದೀನಲ್ಲ” ಅಂದರು ಚಾಚಾ.

ಅವರ ಮುಖದಲ್ಲಿದ್ದದ್ದು ಹೆಮ್ಮೆ. ಕೂರುವ ಸ್ಟೂಲನ್ನು ನನ್ನ ಕಡೆ ತಿರುಗಿಸಿಕೊಂಡು ವಿವರವಾಗಿ ಹೇಳಿದರು. ಅದು ಚಿಗಟೇರಿ ಕಡೆಯ ಒಬ್ಬ ಕುರಿ ಸಾಕುವವನ ವಾಚು, ಮದುವೆಯಲ್ಲಿ ಮಾವ ಕೊಟ್ಟದ್ದು. ಮಳೆ, ಬೆವರು, ಧೂಳು ಒಳಗೆ ಇಳಿದು ಡಯಲ್ ಕಪ್ಪಾಗಿ ಹೋಗಿತ್ತು. ಚಾಚಾ ಅದನ್ನು ಉಜ್ಜಿ, ಬಿಳಿ ಬಣ್ಣ ಹಚ್ಚಿ, ಒಣಗಿಸಿ, ಅಳಿಲಿನ ಕೂದಲಿನ ಕುಂಚದಿಂದ ಹನ್ನೆರಡು ಅಂಕಿ, ಅರವತ್ತು ಗೆರೆ ಬರೆದಿದ್ದರು. ನಾಲ್ಕು ದಿನದ ಕೆಲಸ.

ನಾನು ಏನು ಬರೆದು ಕಳಿಸಿದ್ದೇನೆ ಎಂಬುದನ್ನು ಆಗ ಹೇಳಬೇಕಾಯಿತು. ಹೇಳುವಾಗ ತಲೆ ಎತ್ತಲಾಗಲಿಲ್ಲ.

“ನನ್ನ ಒಂದ್ ಮಾತು ಕೇಳಬಾರದಾಗಿತ್ತೇನು ಮೇಡಂ?”

“ತಪ್ಪಾತ್ರಿ ಚಾಚಾ. ಆದ್ರ ಅವರಿಗೆ ಹಳೇದು ಹಳೇದಾಗೇ ಇರಬೇಕಂತ. ಬಣ್ಣ ಹಚ್ಚಿದ್ರ ಅದು ಮೋಸಂತ.”

“ಹೊಲಸು ಡಯಲ್ ಹಂಗ ಇಟ್ಟು ಕೊಟ್ರ ಅದಕ್ಕ ರಿಪೇರಿ ಅಂತಾರೇನು?” ಎಂದರು. ಗಿರಾಕಿಗೆ ಹೊಳೆಯುವಂತೆ ಮಾಡಿ ಕೊಡುವುದೇ ಮರ್ಯಾದೆ ಎಂದು ಕಲಿತ ಕೈ ಅದು. ನ್ಯೂಜಿಲೆಂಡಿನವನೂ ಕೇಳಿದ್ದಕ್ಕೆ ನಿಜ ಸಿಗಲೆಂದೇ ಅಷ್ಟು ದಿನ ಕೇಳಿದ್ದ. ಇಬ್ಬರ ನಡುವೆ ಸುಳ್ಳು ತಂದು ಇಟ್ಟವಳು ನಾನು.

ಚಾಚಾ ನಮಾಜಿಗೆ ಹೋಗಿ ಬಂದು ನನ್ನ ಅಂಗಡಿಯ ಬಾಗಿಲಲ್ಲಿ ನಿಂತರು. “ಇದ್ದದ್ದು ಇದ್ದಂಗ ಬರಿ. ನಾನು ಬರದದ್ದಕ್ಕ ನನಗೇನೂ ನಾಚಿಕಿಲ್ಲ. ನಿನ್ನ ಸುಳ್ಳಿಗೆ ನೀನು ಮಾಫಿ ಕೇಳು.”

ಆ ನಾಲ್ಕು ಸಾಲು ಬರೆಯಲು ನನಗೆ ಇಡೀ ಮಧ್ಯಾಹ್ನ ಹಿಡಿಯಿತು. ಕಣ್ಣು ತೋರಿಸಿಕೊಳ್ಳಿ ಎಂದದ್ದಕ್ಕೂ ಕ್ಷಮೆ ಕೇಳಿದೆ. ‘ನಿಜ ಹೇಳಿದ್ದಕ್ಕೆ ಧನ್ಯವಾದ. ವಾಚು ವಾಪಸ್ ಕಳಿಸುತ್ತೇನೆ’ ಎಂದಷ್ಟೇ ಅವನು ಬರೆದ. ನಾವು ಒಪ್ಪಿಕೊಂಡು ಹಣ ಮರಳಿಸಿದೆವು.

ವಾಚು ಮರಳಿ ಬಂದಾಗ ನಾವು ಕಳಿಸಿದ್ದಕ್ಕಿಂತ ಎಷ್ಟೋ ಜೋಪಾನವಾಗಿ ಕಟ್ಟಲಾಗಿತ್ತು. ಜೊತೆಗೆ ಒಂದು ಹಾಳೆ. ಅದರಲ್ಲಿ ವಾಚಿನ ತಪ್ಪುಗಳನ್ನು ಒಂದರಿಂದ ಹನ್ನೊಂದರ ತನಕ ಸಂಖ್ಯೆ ಹಾಕಿ ಟೈಪ್ ಮಾಡಿದ್ದ. ನೋಡಿ ನನಗೆ ಮತ್ತೆ ಸಿಟ್ಟು ಬಂತು. ಹಣ ವಾಪಸ್ ಆದ ಮೇಲೂ ಇದೇನು ಎಂದು ಹರಿದು ಹಾಕಲು ಹೋದೆ.

“ತಡಿ ತಡಿ. ಓದು” ಅಂದರು ಚಾಚಾ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ವಾಚನ್ನು ಬೆಳಕಿಗೆ ಹಿಡಿದರು.

ನಾನು ಒಂದೊಂದನ್ನೇ ಕನ್ನಡ ಮಾಡಿ ಓದಿದೆ. ನಾಲ್ಕರ ಅಂಕಿ ಒಂದಿಷ್ಟು ಎಡಕ್ಕೆ ವಾಲಿದೆ. “ಖರೆ.” ಬಿಳಿ ಬಣ್ಣ ಅಂಚಿನಲ್ಲಿ ದಪ್ಪವಾಗಿದೆ. “ಖರೆ.” ಸೆಕೆಂಡ್ ಮುಳ್ಳು ಬೇರೆ ವಾಚಿನದು. “ಸುಳ್ಳು! ಅದರದ್ದೇ ಐತಿ, ಬಾಗಿತ್ತು, ನೆಟ್ಟಗ ಮಾಡೀನಿ.” ಹೀಗೆ ಮೊದಲ ಹತ್ತರಲ್ಲಿ ಮೂರನ್ನು ತಳ್ಳಿಹಾಕಿ ಏಳನ್ನು ಒಪ್ಪಿಕೊಂಡರು. ಒಪ್ಪಿಕೊಳ್ಳುತ್ತ ಹೋದಂತೆ ಅವರ ದನಿಯಲ್ಲಿ ಹುರುಪು ಹೆಚ್ಚಾಗುತ್ತಿತ್ತು.

“ಈ ಮನಷ್ಯಾಗ ಕಣ್ಣ್ ಅದಾವ ಬೇಟಿ. ಇಷ್ಟು ವರ್ಷದಾಗ ನನ್ನ ಕೆಲಸ ಹಿಂಗ ನೋಡಿದೋರು ಯಾರದಾರ? ಎಲ್ಲಾರೂ ಕಿವಿಗೆ ಹಿಡದು ನಡೀತೈತಿ ಅಂತಾರ, ಹೋಗ್ತಾರ.”

ಹನ್ನೊಂದನೆಯದು ಹೀಗಿತ್ತು: ‘ಡಯಲಿನಲ್ಲಿ ಏಳರಿಂದ ಹನ್ನೊಂದರ ತನಕದ ಗೆರೆಗಳಲ್ಲಿ ಸಣ್ಣ ಅಲೆಯಿದೆ. ಮೊದಲ ಅರ್ಧ ಇಷ್ಟು ಶುದ್ಧವಾಗಿ ಬರೆದವರು ಇಲ್ಲಿ ಯಾಕೆ ತಪ್ಪಿದರು? ಕುಂಚದ ದೋಷವೋ, ಕೈಯದೋ?’

ಚಾಚಾ ಖರೆ ಅನ್ನಲಿಲ್ಲ, ಸುಳ್ಳು ಅನ್ನಲಿಲ್ಲ. ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟು, ಬಲಗೈಯನ್ನು ನನ್ನ ಮುಂದೆ ಚಾಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

“ರಂಜಾನ್ ಮುಂದಿಂದ ಹಿಂಗ ಐತಿ.”

ಆಗ ಒಂದೊಂದಾಗಿ ನೆನಪಾಯಿತು. ಅವರು ಇತ್ತೀಚೆಗೆ ಚಹಾ ಅರ್ಧ ಲೋಟ ಮಾತ್ರ ತರಿಸುತ್ತಿದ್ದರು. ಹೆಂಗಸರ ಸಣ್ಣ ವಾಚುಗಳನ್ನು ಸಾಮಾನು ಸಿಗುವುದಿಲ್ಲ ಎಂದು ಹಿಂದಕ್ಕೆ ಕಳಿಸುತ್ತಿದ್ದರು. ದಿನಕ್ಕೆ ಹತ್ತು ಸಲ ಅವರ ಅಂಗಡಿಗೆ ಹೋಗಿ ಬರುವ ನನಗೆ ಕಾಣದ್ದು, ಸಮುದ್ರದಾಚೆ ಕೂತು ತಪ್ಪು ಹುಡುಕುವವನಿಗೆ ಕಂಡಿತ್ತು.

“ಮನಿಯಾಗ ಹೇಳೀರೇನ್ರಿ?”

“ಏನಂತ ಹೇಳ್ಲಿ? ಈ ಕೈ ಬಿಟ್ರ ನನಗೇನ್ ಬರತೈತಿ?”

ಸಂಜೆ ಅವರ ಮನೆಗೆ ಹೋಗಿ ಅವರ ಹೆಂಡತಿ ಚಾಚಿಗೆ ನಾನೇ ಹೇಳಿದೆ. ಆ ವಾರವೇ ಚಾಚಿಯೂ ನಾನೂ ಅವರನ್ನು ರೈಲಿನಲ್ಲಿ ಹೊಸಪೇಟೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಚಾಚಿ ಆ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ವಯಸ್ಸಾದಂತೆ ಕೆಲವರಿಗೆ ಬರುವ ನಡುಕ, ಹೆದರುವಂಥದ್ದಲ್ಲ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಎಷ್ಟೋ ಮೇಲಾಯಿತು. ಮೊಣಕೈಯನ್ನು ಮೇಜಿಗೆ ಊರಿದರೆ ಚಿಮಟ ಹಿಡಿಯಬಹುದು, ಯಂತ್ರ ಬಿಚ್ಚಿ ಜೋಡಿಸಬಹುದು. ಕುಂಚ ಹಿಡಿಯುವುದನ್ನು ಮಾತ್ರ ಬಿಟ್ಟರು.

ನ್ಯೂಜಿಲೆಂಡಿನವನ ಪ್ರಶ್ನೆಗೆ ಉತ್ತರ ಬರೆಯಲೇ ಎಂದು ನಾನು ಕೇಳಿದೆ. “ಕೇಳ್ಯಾನ, ಹೇಳಬೇಕು. ಕೈಯದು ಅಂತ ಬರಿ” ಅಂದರು. ಹಾಗೇ ಬರೆದೆ, ಡಾಕ್ಟರ ಹತ್ತಿರ ಹೋಗಿ ಬಂದದ್ದನ್ನೂ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು. ‘ಅದನ್ನು ಕೇಳಬಾರದಿತ್ತು. ಕ್ಷಮಿಸಿ. ಮೊದಲ ಅರ್ಧದ ಗೆರೆಗಳು ತುಂಬ ಚೆನ್ನಾಗಿದ್ದವೆಂದು ಅವರಿಗೆ ಹೇಳಿ.’ ಹೇಳಿದೆ. ಚಾಚಾ ಎರಡು ಸಲ ಹೇಳಿಸಿಕೊಂಡರು.

ಅವನು ಇದರಿಂದ ಮೆತ್ತಗಾದ ಅಂದುಕೊಂಡಿದ್ದರೆ ಅದು ನನ್ನ ತಪ್ಪು. ಕೆಲವು ತಿಂಗಳಾದ ಮೇಲೆ ಇನ್ನೊಂದು ವಾಚು ನೋಡಿ ಮತ್ತೆ ಪ್ರಶ್ನೆಗಳ ಮಳೆ ಸುರಿಸಿದ. ಈ ಸಲ ನಾನು ಯಾವುದಕ್ಕೂ ಊಹಿಸಿ ಉತ್ತರಿಸಲಿಲ್ಲ. ಲ್ಯಾಪ್‌ಟಾಪನ್ನು ಚಾಚಾನ ಮೇಜಿಗೇ ಒಯ್ದು ಕೂತೆ. ಅವರು ಭೂತಗನ್ನಡಿಯಲ್ಲಿ ನೋಡುತ್ತ ಹೇಳಿದರು, ನಾನು ಬರೆದೆ: ಡಯಲ್ ಮೂಲದ್ದೇ, ಯಾರೂ ಮುಟ್ಟಿಲ್ಲ, ಮೂರರ ಹತ್ತಿರ ಕಲೆಯಿದೆ, ಗಾಜು ನಾವು ಹಾಕಿದ್ದು, ಕೀ ತಿರುಗಿಸುವಾಗ ಸ್ವಲ್ಪ ಬಿಗಿ.

“ಇಷ್ಟೆಲ್ಲಾ ಹೇಳಿದ್ರ ತಗಂತಾನೇನ್ರಿ?” ಎಂದೆ.

“ಬ್ಯಾಡಾದ್ರ ಬಿಡ್ಲಿ. ಕೇಳೋ ಮನಷ್ಯಾ ಅವನು.”

ತೆಗೆದುಕೊಂಡ. ತಲುಪಿದ ಮೇಲೆ ಜಾಲತಾಣದಲ್ಲಿ ನಮಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟು ಕೆಳಗೆ ಬರೆದಿದ್ದ: ‘ಹೇಳಿದ ತಪ್ಪುಗಳೆಲ್ಲ ಇವೆ. ಬೇರೆ ಇಲ್ಲ.’

ಐದನೆಯದು ಯಾಕೆ ಕೊಡಲಿಲ್ಲ ಎಂದು ನಾನು ಗೊಣಗಿದೆ. ಚಾಚಾ ಆ ಸಾಲನ್ನು ಒಂದು ಪ್ರಿಂಟ್ ತೆಗೆದುಕೊಡು ಎಂದರು. ಇಂಗ್ಲಿಷು ಓದಲು ಬಾರದಿದ್ದರೂ ಆ ಹಾಳೆಯನ್ನು ಅಂಗಡಿಯ ಗಾಜಿನ ಒಳಗೆ, ಬೀದಿಗೆ ಕಾಣುವಂತೆ ಅಂಟಿಸಿದರು. ಅದರಲ್ಲಿ ಏನು ಬರೆದಿದೆ ಎಂದು ಕೇಳಿದವರನ್ನು ನನ್ನ ಹತ್ತಿರ ಕಳಿಸುತ್ತಾರೆ. ಕೈಯಲ್ಲಿನ ಕೆಲಸ ಬಿಟ್ಟು ನಾನು ಓದಿ ಹೇಳುತ್ತೇನೆ.