ದೋಹಾದಲ್ಲಿ ಹಾರಿಸಿದ ಎರಡು ಗುಂಡು

ಬೆಂಗಳೂರಿನಿಂದ ದೋಹಾಕ್ಕೆ ನಾಲ್ಕೂವರೆ ಗಂಟೆಯ ಹಾರಾಟ. ವಿಶ್ವಕಪ್ಪಿನ ವರ್ಷ, ಮಾರ್ಚ್ ತಿಂಗಳು. ಸುತ್ತಲಿನವರೆಲ್ಲ ಫುಟ್‌ಬಾಲಿನ ಮಾತಾಡುತ್ತಿದ್ದರು. ನಾನು ಹೊರಟಿದ್ದು ಬಾವನನ್ನು ಊರಿಗೆ ಕರೆತರಲು. ಅಕ್ಕ ಅಲ್ಲಿ ಕೋವಿಡ್‌ನಿಂದ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ವಿಮಾನಗಳು ನಿಂತಿದ್ದ ಕಾಲ, ದೇಹ ಕೊಡಗಿಗೆ ಬರಲಿಲ್ಲ. ಅಲ್ಲೇ ಮರಳುಗಾಡಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ಬಾವನಿಗೆ ಕಂಪನಿಯ ಕೆಲಸ ಮುಗಿದು, ವೀಸಾ ಅವಧಿಯೂ ಮುಗಿಯುವುದರಲ್ಲಿತ್ತು. ಫೋನಿನಲ್ಲಿ ಕೇಳಿದರೆ, "ಪಿಸ್ತೂಲು ಸ್ಪರ್ಧೆ ಇದೆ, ಆಮೇಲೆ" ಎಂದು ಜಾರಿಕೊಳ್ಳುತ್ತಿದ್ದರು. ಅರವತ್ತು ದಾಟಿದವರಿಗೆ ಇದೆಂಥ ಹುಚ್ಚು ಎಂದು ನಮಗೆಲ್ಲ ಸಿಟ್ಟಿತ್ತು.

ದೋಹಾದ ಐನ್ ಖಾಲಿದ್ ಬಡಾವಣೆಯ ಮನೆಯಲ್ಲಿ ಬಾವನೇ ಅಡುಗೆ ಮಾಡಿದ್ದರು. ಅಕ್ಕಿಯುಂಡೆ ಕಡಂಬುಟ್ಟು ಕಲ್ಲಿನಂತಿತ್ತು, ಕೋಳಿ ಸಾರಿಗೆ ಕಾಚಂಪುಳಿಯ ಹುಳಿ ಹೆಚ್ಚಾಗಿತ್ತು. ನಗು ಬಂತು. ಅಕ್ಕ ಇದ್ದಿದ್ದರೆ ಇಬ್ಬರಿಗೂ ಬೈಯುತ್ತಿದ್ದಳು ಅನ್ನಿಸಿತು. ನಾವಿಬ್ಬರು ಆಡುವುದು ಕೊಡವ ತಕ್ಕ್, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಈ ಸಲ ಜೊತೆಗೇ ಹೋಗುವ ಬಾವ."

"ಶುಕ್ರವಾರ ನನ್ನ ಜೊತೆ ಬಾ ದೇಚು. ಆಮೇಲೆ ನೋಡುವ."

ಶುಕ್ರವಾರ ಮಧ್ಯಾಹ್ನ ಉಮ್ಮ್ ಸಲಾಲ್ ದಾಟಿ ಹೋದೆವು. ದೂಳುಗಾಳಿಗೆ ರಸ್ತೆಯೇ ಮಸುಕಾಗಿತ್ತು. ಗುಂಡು ಹೊಡೆಯುವ ಮೈದಾನದಲ್ಲಿ ಉಳಿದವರ ಕೈಯಲ್ಲಿ ಹೊಸ ಬಗೆಯ ಪಿಸ್ತೂಲುಗಳು. ಬಾವ ಆರಿಸಿಕೊಂಡದ್ದು ಮಾತ್ರ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಬಗೆಯದು, ನಮ್ಮ ಅಜ್ಜನ ಕೇಪಿನ ಕೋವಿಯ ಗಿಡ್ಡ ತಮ್ಮ.

ಹೊಸಬರು ಮೊದಲು ಕಲಿಯಬೇಕಾದದ್ದು ಗುರಿಯನ್ನಲ್ಲ, ತಾಳ್ಮೆಯನ್ನು ಎಂದರು ಈಜಿಪ್ಟಿನ ತರಬೇತುದಾರರು. ಮದ್ದನ್ನು ಅಳೆದು ಸುರಿಯಬೇಕು. ಎಣ್ಣೆ ಸವರಿದ ಬಟ್ಟೆಚೂರಿನಲ್ಲಿ ಸೀಸದ ಗುಂಡಿಟ್ಟು, ಮದ್ದಿಗೆ ತಾಗುವವರೆಗೆ ಕಡ್ಡಿಯಿಂದ ಒತ್ತಬೇಕು. ನಡುವೆ ಸಂದು ಉಳಿದರೆ ನಳಿಗೆಯೇ ಸಿಡಿದೀತು. ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಕೊನೆಗೆ. ಸ್ಪರ್ಧೆಯಲ್ಲೂ ಅವಸರ ಮಾಡಿದವನೇ ಮೊದಲು ಸೋಲುತ್ತಾನಂತೆ. ಬಾವ ಚೂರೂ ಅವಸರವಿಲ್ಲದೆ ಇದನ್ನೆಲ್ಲ ಮಾಡಿದರು.

ತರಬೇತುದಾರರು ಆಚೆ ಹೋದಾಗ ಬಾವ ಮೆಲ್ಲಗೆ ಹೇಳಿದರು, "ನಿನ್ನ ಅಕ್ಕನಿಗೆ ಗುಂಡು ಹಾರಿಸಲೇ ಇಲ್ಲವಲ್ಲ."

ನಮ್ಮಲ್ಲಿ ಸಾವಾದರೆ ಮನೆಯಂಗಳದಿಂದ ಒಂದರ ಹಿಂದೆ ಒಂದು, ಎರಡು ಗುಂಡು ಆಕಾಶಕ್ಕೆ ಹಾರಿಸುತ್ತಾರೆ. ಕೇಳಿದವರು ಕೈಯ ಕೆಲಸ ಬಿಟ್ಟು ಓಡಿ ಬರುತ್ತಾರೆ. ಅಕ್ಕನ ದೇಹ ಬಾರದೆ ಹೇಗೆ ಹಾರಿಸುವುದು ಎಂದು ಊರಲ್ಲಿ ಹಿರಿಯರು ತಡೆದಿದ್ದರು.

"ಅದು ಆಗದೆ ಅವಳನ್ನು ಇಲ್ಲಿ ಬಿಟ್ಟು ನಾನು ಹೇಗೆ ಬರಲಿ? ಈ ಪಿಸ್ತೂಲಿಗೆ ಒಂದೇ ಗುಂಡು. ಇನ್ನೊಂದು ತುಂಬುವಷ್ಟರಲ್ಲಿ ಹೊತ್ತಾಗ್ತದೆ. ಎರಡೂ ಬೆನ್ನುಬೆನ್ನಿಗೇ ಹೋಗ್ಬೇಕು. ನೀನು ಅವಳ ತಂಗಿ."

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ನಾನೂ ಒಂದು ಹೊಡೆಯುತ್ತೇನೆಂದು ಕೇಳಿದಾಗ, ಪಾಸ್‌ಪೋರ್ಟ್ ನೋಡಿ, ಅತಿಥಿಗೆ ಒಂದು ಗುಂಡು ಎಂದು ತರಬೇತುದಾರರು ಒಪ್ಪಿ, ಇನ್ನೊಂದು ಪಿಸ್ತೂಲು ತಾವೇ ತುಂಬಿಕೊಟ್ಟು ಪಕ್ಕದಲ್ಲಿ ನಿಂತರು.

ಸಾವಿನ ಗುಂಡೆಂದರೆ ಆಕಾಶಕ್ಕೆ ಎಂದೇ ನನ್ನ ಕೈಗೆ ಗೊತ್ತು. ತಾನಾಗಿ ಮೇಲೆದ್ದಿತು. ಅವರು ಗಬಕ್ಕನೆ ಮಣಿಕಟ್ಟು ಹಿಡಿದು, "ಮಾಫಿ ಮೇಡಂ, ಮೇಲೆ ಮಾಫಿ!" ಎಂದು, ಅಲ್ಲಿನ ಮಾತಿನಲ್ಲಿ ಕೂಡದೆಂದು ಕೂಗಿ, ಗುರಿ ಕಾಗದದ ಕಡೆ ತಿರುಗಿಸಿದರು.

ಬಾವ ಹೊಡೆದರು. ಬೆನ್ನಿಗೇ ನಾನು ಹೊಡೆದೆ. ಬಿಳಿ ಹೊಗೆ ಕವಿದು, ಅಜ್ಜನ ಮನೆಯ ಮದ್ದಿನ ವಾಸನೆಯೇ ಬಂತು. ಹೊಗೆ ಸರಿದಾಗ ನೋಡಿದರೆ ಯಾರೂ ತಿರುಗಿರಲಿಲ್ಲ. ಸದ್ದು ತಡೆಯಲು ಎಲ್ಲರೂ ಕಿವಿ ಮುಚ್ಚಿಕೊಂಡಿದ್ದರು. ಎರಡು ಗುಂಡು ಹಾರಿದರೂ ಯಾರೂ ಓಡಿ ಬಾರದ ಜಾಗದಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತೆ.

ತರಬೇತುದಾರರು ದುರ್ಬೀನಿನಲ್ಲಿ ಗುರಿ ನೋಡಿ ಬಾವನ ಬೆನ್ನು ತಟ್ಟಿದರು. ಗುಂಡು ನಟ್ಟನಡುವೆ ಬಿದ್ದಿತ್ತು. ಮುಂದಿನ ತಿಂಗಳ ಸ್ಪರ್ಧೆಗೆ ಹೆಸರು ಬರೆಯಲೇ ಎಂದು ಕೇಳಿದರು.

"ಖಲಾಸ್," ಎಂದರು ಬಾವ. ಪಿಸ್ತೂಲನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ ಹಿಂದಿರುಗಿಸಿದರು.

ಮುಂದಿನ ವಾರ ಇಬ್ಬರೂ ವಿಮಾನ ಹತ್ತಿದೆವು. ಬಂದ ಕೆಲಸ ಆಯಿತೆಂದು ನನಗೆ ಒಳಗೊಳಗೇ ಸಮಾಧಾನ. ಕಿಟಕಿಯ ಕೆಳಗೆ ಊರು ಮುಗಿದು ಬರೀ ಮರಳು ಕಾಣತೊಡಗಿದಾಗ ಬಾವ ಬಾಯಿ ಬಿಟ್ಟರು.

"ಗುಂಡು ಹಾರಿಸುವ ತನಕ ನಿನ್ನ ಅಕ್ಕ ಎಲ್ಲೋ ಹೊರಗೆ ಹೋಗಿದ್ದಾಳೆ, ಬರ್ತಾಳೆ ಅಂತ ಇತ್ತು ದೇಚು. ಈಗ ಇಲ್ಲ."

ಎರಡನೆಯ ಗುಂಡು ಹಾರಿಸಿದವಳು ನಾನು.